ತಾನಾಗಿ ಕೂಗುತ್ತಿದ್ದ ನಮ್ಮ ರಿಪೀಟರ್

ಹೋದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋದ ಎರಡು ಮೀಟರ್ ಬ್ಯಾಂಡಿನ ರಿಪೀಟರ್‌ಗೆ, ಅಂದರೆ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ ಮಾತನ್ನು ಅದೇ ಹೊತ್ತಿಗೆ ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಯಂತ್ರಕ್ಕೆ, ಹೊಸ ಚಾಳಿ ಶುರುವಾಯಿತು. ಮಧ್ಯಾಹ್ನ ಯಾರಾದರೂ ಒಮ್ಮೆ ಮಾತಾಡಿ ಪಿಟಿಟಿ (ಮಾತಾಡುವಾಗ ಒತ್ತಿ ಹಿಡಿಯುವ ಗುಂಡಿ) ಬಿಟ್ಟರೂ ಅದು ಮಾತ್ರ ಬಿಡುತ್ತಿರಲಿಲ್ಲ, ಟೈಮರ್ ಕತ್ತರಿಸುವ ತನಕ ಚರಚರ ಅಂತ ಟ್ರಾನ್ಸ್‌ಮಿಟ್ ಮಾಡುತ್ತಲೇ ಇರುತ್ತಿತ್ತು. "ಯಾರೋ ಬೇಕಂತ ಮಾಡ್ಲಿಕತ್ತಾರ್ರೀ" ಅಂದರು ಜೊತೆಯವರು. ನಾನೂ ನಂಬಿದೆ. ಅಳತೆ ಟೇಪಿನಿಂದ ಮಾಡಿದ ಯಾಗಿ (ಸಿಗ್ನಲ್ ಬರುವ ದಿಕ್ಕು ಹುಡುಕುವ ಆಂಟೆನಾ) ಹಿಡಿದು ಅಪ್ಪನ ಕೆರೆ ಸುತ್ತ ಎರಡು ದಿನ ಅಲೆದೆ. ರಿಪೀಟರ್ ಕೇಳಿಸಿಕೊಳ್ಳುವ ಇನ್‌ಪುಟ್ ಫ್ರೀಕ್ವೆನ್ಸಿಯಲ್ಲಿ ಒಂದು ಪಿಸುಮಾತೂ ಇಲ್ಲ. ಕಳ್ಳ ಹೊರಗಿದ್ದರೆ ಅಲ್ಲಿ ಕೇಳಿಸಬೇಕಿತ್ತು, ಅಲ್ವಾ?

ಒಬ್ಬರು ಸಿಟಿಸಿಎಸ್ಎಸ್ ಟೋನ್ (ಮಾತಿನ ಜೊತೆ ಹೋಗುವ ಕೆಳಸ್ವರ, ಅದು ಬಂದರೆ ಮಾತ್ರ ರಿಪೀಟರ್ ತೆರೆದುಕೊಳ್ಳುತ್ತದೆ) ಹಾಕಿಬಿಡಿ ಅಂದರು. ಹಾಕಿದೆವು, ಸದ್ದು ನಿಂತಿತು. ಆದರೆ ಶಹಾಬಾದ್ ಕಡೆಯ ಹ್ಯಾಂಡ್‌ಸೆಟ್ ಬೆಳಿಗ್ಗೆ ಚೆನ್ನಾಗಿ ಬರುತ್ತಿದ್ದುದು ಮಧ್ಯಾಹ್ನ ತುಂಡು ತುಂಡು. ಟೋನ್ ಗದ್ದಲವನ್ನು ಮುಚ್ಚಿಟ್ಟಿತ್ತು, ಅಷ್ಟೇ.

ಆಗ ಪವರ್ 25 ವಾಟ್‌ನಿಂದ 5ಕ್ಕೆ ಇಳಿಸಿದೆ. ಶಹಾಬಾದ್ ಮತ್ತೆ ಚೆನ್ನಾಗಿ ಬಂತು! ಅಂದರೆ ಗದ್ದಲ ನಮ್ಮ ಟ್ರಾನ್ಸ್‌ಮಿಟರ್‌ನಿಂದಲೇ ಹುಟ್ಟುತ್ತಿದೆ. 25 ವಾಟ್ ಹೊರಹಾಕುತ್ತಾ, ಬರೀ 600 ಕಿಲೋಹರ್ಟ್ಸ್ ಪಕ್ಕದಲ್ಲಿ ಒಂದು ಮೈಕ್ರೋವೋಲ್ಟ್‌ಗಿಂತ ಕಡಿಮೆ ಸಿಗ್ನಲ್ ಕೇಳಬೇಕು ಅನ್ನೋದು ಸುಮ್ನೆ ಮಾತಲ್ಲ. ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಬೇರ್ಪಡಿಸುವ ಡುಪ್ಲೆಕ್ಸರ್ ಮೇಲೆ ಅನುಮಾನ ಬಂತು. ಅದರ ಆಂಟೆನಾ ಕಡೆಯ ಕೇಬಲ್ ಬಿಚ್ಚಿ 50 ಓಮ್‌ನ ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ನುಂಗುವ ರೆಸಿಸ್ಟರ್) ಹಾಕಿ, ಪೂರ್ತಿ ಪವರ್ ಕೊಟ್ಟೆ. ರಿಸೀವರ್ ಶಾಂತ. ಡುಪ್ಲೆಕ್ಸರ್ ಪಾಪ, ನಿರಪರಾಧಿ. ತಪ್ಪು ಮೇಲಿದೆ: ಕೇಬಲ್, ಆಂಟೆನಾ, ಇಲ್ಲವೇ ಕಂಬದ ಆಸುಪಾಸು.

ಬಿಸಿಲಿಳಿಯುವ ಮೊದಲೇ ಮಾಳಿಗೆ ಹತ್ತಿದೆ, ತಂಪಾದರೆ ರೋಗ ಕಾಣಿಸಲ್ಲ. ಗೆಳೆಯ ಕೆಳಗೆ ರಿಸೀವರ್ ಸದ್ದು ಕೇಳುತ್ತಿದ್ದ, ನಾನು ಒಣ ಬಿದಿರಿನಿಂದ ಒಂದೊಂದೇ ಜಾಗ ಅಲುಗಾಡಿಸಿದೆ. ಕೇಬಲ್, ಏನಿಲ್ಲ. ಕನೆಕ್ಟರ್, ಏನಿಲ್ಲ. ಹಳೇ ಡಿಶ್ ಸ್ಟ್ಯಾಂಡನ್ನು ಕಂಬಕ್ಕೆ ಬಿಗಿದಿದ್ದ ಬೈಂಡಿಂಗ್ ವೈರ್ ಮುಟ್ಟಿದ ಕೂಡಲೇ "ಅದೇ, ಅದೇ!" ಅಂತ ಕೂಗಿದ. ಮಳೆಗಾಲದಲ್ಲಿ ಗಾಳಿಗೆ ಬೀಳದಿರಲಿ ಅಂತ ನಾನೇ ಕಟ್ಟಿದ್ದ ತಂತಿ! ತುಕ್ಕು ಹಿಡಿದು ಸಡಿಲವಾಗಿತ್ತು. ಆಂಟೆನಾದ ಪವರ್ ಅದಕ್ಕೆ ತಾಕಿದಾಗಲೆಲ್ಲ ಸಣ್ಣ ಕಿಡಿಗಳಂತೆ ಗದ್ದಲ ಎಬ್ಬಿಸುತ್ತಿತ್ತು, ಬಿಸಿಲಿಗೆ ಕಬ್ಬಿಣ ಹಿಗ್ಗಿದಾಗ ಜಾಸ್ತಿ.

ತಂತಿ ಕತ್ತರಿಸಿ, ಸ್ಟ್ಯಾಂಡ್ ಇಳಿಸಿ, ಕ್ಲ್ಯಾಂಪ್ ತಿಕ್ಕಿ ಬಿಗಿದೆ. ಮರುದಿನ ಎರಡು ಗಂಟೆಯ ಸುಡುಬಿಸಿಲಲ್ಲಿ ಟೋನ್ ತೆಗೆದು ನೋಡಿದೆವು. ಶಹಾಬಾದ್ ಸ್ಪಷ್ಟವಾಗಿ ಬಂತು, ಮಾತು ಮುಗಿದ ಕೂಡಲೇ ರಿಪೀಟರ್ ತೆಪ್ಪಗಾಯಿತು.