ಡ್ರಿಲ್ ಮಷಿನ್ ಚಕ್ ಬಿಚ್ಚುವುದು, ಹೊಂದುವ ಕೀ ಹುಡುಕುವುದು

ಕಾರವಾರ, ಅಂಕೋಲಾ, ಕುಮಟಾ ಕಡೆಯ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಸುಮ್ಮನೆ ನಿಂತ ಬೆಂಚ್ ಡ್ರಿಲ್ಲಿನ ಚಕ್, ಅಂದರೆ ಬಿಟ್ ಹಿಡಿಯುವ ತಲೆ, ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಆಗ ಕೆಲವರು ಪೈಪ್ ಪಾನಾ ಹಾಕಿ ತಿರುಗಿಸುತ್ತಾರೆ, ಕೆಲವರು ಪಕ್ಕದಿಂದ ಬಡಿಯುತ್ತಾರೆ. ಎರಡರಿಂದಲೂ ಹಾಳಾಗುವುದು ಚಕ್ಕನ್ನು ತಿರುಗಿಸುವ ದಂಡ, ಸ್ಪಿಂಡಲ್. ಕೈ ಡ್ರಿಲ್ಲಿನಂತೆ ಇಲ್ಲಿ ಥ್ರೆಡ್ ಇಲ್ಲ. ಚಕ್ಕಿನ ಹಿಂದಿನ ಆರ್ಬರ್ (ಗಿಡ್ಡ ಸರಳು) ಸ್ಪಿಂಡಲ್ಲಿನ ಟೇಪರಿನಲ್ಲಿ (ಓರೆಯಾಗಿ ಕಿರಿದಾಗುವ ತೂತಿನಲ್ಲಿ) ಬರೀ ಬಿಗಿತದ ಮೇಲೆ ಕೂತಿರುತ್ತದೆ. ಅದನ್ನು ಕೆಳಕ್ಕೆ ನೂಕಬೇಕು, ತಿರುಗಿಸಬಾರದು.

ಪ್ಲಗ್ ಕಿತ್ತು, ಡ್ರಿಲ್ ಬಿಟ್ ತೆಗೆದಿಡಿ. ಚಕ್ಕಿನ ಕೆಳಗೆ ಎರಡು ಇಂಚು ಬಿಟ್ಟು ಮರದ ತುಂಡು ಇಡಿ. ಚಕ್ ಬೀಳುವುದು ಅದರ ಮೇಲೆ.

ಈಗ ಹಿಡಿಕೆ ಎಳೆದು ಕ್ವಿಲ್, ಅಂದರೆ ಸ್ಪಿಂಡಲ್ಲಿನ ಹೊರಗಿನ ಕೊಳವೆ, ಇಳಿಸಿ. ಅದರ ಪಕ್ಕದಲ್ಲಿ ಉದ್ದನೆಯ ಸೀಳು ಕಾಣುತ್ತದೆ. ಸೀಳು ಹೊರಬಂದಷ್ಟೇ ಇಳಿಸಿ. ಪೂರ್ತಿ ಇಳಿಸಿದರೆ ಸುತ್ತಿಗೆಯ ಪೆಟ್ಟು ಬಿದ್ದಾಗ ಕ್ವಿಲ್ ಅಲ್ಲಾಡುತ್ತದೆ. ಚಕ್ ಕೈಯಿಂದ ತಿರುಗಿಸುತ್ತ ಬನ್ನಿ. ಒಳಗಿನ ಸ್ಪಿಂಡಲ್ಲಿನ ಸೀಳು ಹೊರಗಿನದಕ್ಕೆ ಕೂಡಿದಾಗ ಆಚೆ ಬದಿಯ ಬೆಳಕು ಕಾಣಬೇಕು. ಕಾಣದಿದ್ದರೆ ಡ್ರಿಫ್ಟ್ ಹಾಕಬೇಡಿ.

ಡ್ರಿಫ್ಟ್ ಅಂದರೆ ಓರೆಯಾದ ಉಕ್ಕಿನ ಬೆಣೆ. ಎಂಟಿ2 (ಮೋರ್ಸ್ ಟೇಪರಿನ 2ನೇ ಅಳತೆ) ಟೇಪರಿಗೆ ಎಂಟಿ2 ಡ್ರಿಫ್ಟನ್ನೇ ತನ್ನಿ. ಅದರ ಒಂದು ಅಂಚು ಉರುಟು, ಇನ್ನೊಂದು ಸಪಾಟು. ಉರುಟಾದದ್ದು ಮೇಲೆ, ಸಪಾಟಾದದ್ದು ಕೆಳಗೆ, ಆರ್ಬರಿನ ತುದಿಯ ಮೇಲೆ ಕೂರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಅರ್ಧ ಕೆಜಿ ಸುತ್ತಿಗೆಯಲ್ಲಿ ಒಂದೇ ಚುರುಕಾದ ಪೆಟ್ಟು ಕೊಡಿ. ಮೆಲ್ಲಗೆ ಹತ್ತು ಸಲ ತಟ್ಟಿ ಪ್ರಯೋಜನವಿಲ್ಲ. ಸ್ಕ್ರೂಡ್ರೈವರ್ ಹಾಕಿದರೆ ಸೀಳಿನ ಅಂಚು ಕಿತ್ತುಹೋಗುತ್ತದೆ.

ಬರಲಿಲ್ಲವೇ? ಸೀಳಿನೊಳಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಡ್ರಿಫ್ಟ್ ಬಿಗಿಯಾಗಿಯೇ ಬಿಟ್ಟು, ಮರುದಿನ ಹೊಡೆಯಿರಿ. ಗ್ಯಾಸ್ ಬೆಂಕಿ ಮಾತ್ರ ಬೇಡ, ಬೇರಿಂಗಿನ ಗ್ರೀಸ್ ಕರಗಿಹೋಗುತ್ತದೆ.

ಸೀಳೇ ಇಲ್ಲದ ಸಣ್ಣ ಮಷಿನ್ನುಗಳಲ್ಲಿ ಚಕ್ಕಿನ ಹಿಂಬದಿಗೆ ಜೋಡಿ ಕವಲು ಬೆಣೆ ಬೇಕು.

ಮರಳಿ ಹಾಕುವಾಗ ಎರಡೂ ಟೇಪರ್ ಸೀಮೆಎಣ್ಣೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ತುಕ್ಕು ಹಿಡಿಯದಿರಲೆಂದು ತೆಂಗಿನೆಣ್ಣೆ, ಗ್ರೀಸ್ ಸವರುವ ಅಭ್ಯಾಸ ಬಿಡಿ. ಟೇಪರ್ ಜಾರಿ ಚಕ್ ಕಳಚುತ್ತದೆ. ಚಕ್ಕಿನ ದವಡೆಗಳನ್ನು ಒಳಕ್ಕೆ ಎಳೆದುಕೊಂಡೇ ಮರದ ಸುತ್ತಿಗೆಯಲ್ಲಿ ಮೇಲಕ್ಕೆ ತಟ್ಟಿ.

ಇನ್ನು ಚಕ್ಕಿನ ದವಡೆ ಬಿಗಿಮಾಡುವ ಕೀ. ‘13 ಎಂಎಂ ಚಕ್ಕಿನ ಕೀ ಕೊಡಿ’ ಎಂದರೆ ಸಾಲದು. ಕೀ ತುದಿಯ ಗುಂಡು ಮೊಳೆಯ ದಪ್ಪ, ಹಲ್ಲಿನ ಅಳತೆ, ಎರಡೂ ಹೊಂದಬೇಕು. ವರ್ನಿಯರ್ (ದಪ್ಪ, ತೂತು ಅಳೆಯುವ ಸಾಧನ) ಇಲ್ಲದಿದ್ದರೆ ಚಕ್ಕಿನ ತೂತಿಗೆ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ನೋಡಿ: 6 ಎಂಎಂ ಸಡಿಲ, 6.5 ಹೋಗುವುದಿಲ್ಲ ಅಂದರೆ ಅದು ಕಾಲಿಂಚಿನದು. ಬಿಚ್ಚಿದ ಚಕ್ಕನ್ನೇ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ತಪ್ಪು ಕೀ ತರುವುದು ತಪ್ಪುತ್ತದೆ. ಮೂರೂ ತೂತಿಗೆ ಹಾಕಿ ತಿರುಗಿಸಿ ನೋಡಿ. ಮೊಳೆ ತಳ ಮುಟ್ಟಿಯೂ ಹಲ್ಲು ಕಚ್ಚದಿದ್ದರೆ ತುದಿಯನ್ನು ತುಸು ಉಜ್ಜಬಹುದು. ನಾಲ್ಕು ಬಾಯಿಯ ‘ಎಲ್ಲಕ್ಕೂ ಆಗುವ’ ಕೀ ಕೊಳ್ಳಬೇಡಿ, ಯಾವುದಕ್ಕೂ ಸರಿ ಕೂರದೆ ಚಕ್ಕಿನ ಹಲ್ಲು ತಿನ್ನುತ್ತದೆ. ಕೈ ಬಿಟ್ಟೊಡನೆ ತಾನೇ ಹೊರಬೀಳುವ ಸ್ಪ್ರಿಂಗ್ ಕೀ ಸಿಕ್ಕರೆ ಅದನ್ನೇ ತನ್ನಿ.

ಚಕ್ಕಿನ ಹಲ್ಲೇ ಸವೆದಿದ್ದರೆ ಹೊಸ ಕೀಯೂ ಜಾರುತ್ತದೆ, ಚಕ್ಕನ್ನೇ ಬದಲಿಸಿ. ಕೊಳ್ಳುವ ಮುಂಚೆ ಹಳೆಯದರ ಮೇಲೆ ಕೊರೆದ ಟೇಪರ್ ನಂಬರ್ ಬರೆದುಕೊಳ್ಳಿ. ಬಿ16 ಆರ್ಬರಿಗೆ ಜೆಟಿ6 ಚಕ್ ಕೂರುವುದಿಲ್ಲ.