ಗ್ಯಾಸ್ಕೆಟ್ ಸುಟ್ಟಿದ್ದು ಬೋರ್ ನೀರಿನಿಂದ

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ಕಾರಿನಲ್ಲಿ ವಾಪಸ್ ಬರುತ್ತಿದ್ದೆವು. ಅಣ್ಣಿಗೇರಿ ದಾಟುವ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಮುಕ್ಕಾಲು ಗಂಟೆ ಕಾದು ಮುಚ್ಚಳ ತೆಗೆದರೆ ರೇಡಿಯೇಟರ್‌ನಲ್ಲಿ ನೀರು ಕಾಣಲೇ ಇಲ್ಲ. ಕಡಲೆ ಹೊಲದಲ್ಲಿದ್ದವರೊಬ್ಬರು ಪಂಪ್‌ಸೆಟ್‌ನಿಂದ ಒಂದು ಕೊಡ ನೀರು ತಂದುಕೊಟ್ಟರು. ಅದನ್ನೇ ಹಾಕಿಕೊಂಡು, ಅಲ್ಲಲ್ಲಿ ನಿಲ್ಲಿಸುತ್ತ ಉಣಕಲ್ಲಿನ ಮನೆ ಮುಟ್ಟಿದೆವು.

ಮರುದಿನ ಸ್ಟಾರ್ಟ್ ಮಾಡಿದಾಗ ಮೂರು ಸಿಲಿಂಡರ್‌ಗಳಲ್ಲಿ ಎರಡೇ ಹೊಡೆಯುತ್ತಿದ್ದವು. ಸೈಲೆನ್ಸರ್‌ನಿಂದ ಬೆಳ್ಳನೆಯ ಆವಿ. ಚಳಿಗಾಲದ ಬೆಳಗ್ಗೆ ಸ್ವಲ್ಪ ಆವಿ ಬರುವುದು ಸಹಜ, ಆದರೆ ಇದು ಎಂಜಿನ್ ಬಿಸಿಯಾದರೂ ನಿಲ್ಲಲಿಲ್ಲ. ಮುಚ್ಚಳ ತೆಗೆದಿಟ್ಟ ರೇಡಿಯೇಟರ್‌ನಲ್ಲಿ ಎಸರು ಕುದಿದ ಹಾಗೆ ಗುಳ್ಳೆ ಏಳುತ್ತಿದ್ದವು. ಮೂರನೇ ಪ್ಲಗ್ ಬಿಚ್ಚಿ ನೋಡಿದೆ. ಉಳಿದೆರಡು ಕಂದು ಬಣ್ಣ, ಇದು ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ. ಅಂದರೆ ಆ ಸಿಲಿಂಡರ್ ನೀರು ಕುಡಿಯುತ್ತಿದೆ. ಎಂಜಿನ್ ಆಯಿಲ್ ಮಾತ್ರ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರಲಿಲ್ಲ. ಅಂದರೆ ಆಯಿಲ್‌ಗೆ ನೀರು ಸೇರಿಲ್ಲ, ಅದೊಂದು ಸಮಾಧಾನ.

ಓಣಿಯ ಮೆಕ್ಯಾನಿಕ್ ಒಬ್ಬರು, 'ಒಂದು ಬಾಟ್ಲಿ ಔಷಧಿ ಬರ್ತೈತ್ರೀ, ರೇಡಿಯೇಟರ್‌ಗೆ ಹಾಕಿದ್ರ ಲೀಕ್ ಬಂದ್ ಆಗ್ತೈತಿ' ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸೋರುವ ಕಡೆ ಗಟ್ಟಿಯಾಗುವ ವಸ್ತು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ, ಅಲ್ವಾ? ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಬಿಚ್ಚಿ, ಅದರಡಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಬದಲಿಸುವುದೇ ಸರಿ ಅನ್ನಿಸಿತು.

ನನ್ನದು ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಹೆಡ್‌ನಲ್ಲೇ ಇರುವುದರಿಂದ ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಕಳಚದೆ ಹೆಡ್ ಹೊರಗೆ ಬರುವುದಿಲ್ಲ. ಹೇಗೂ ಕಳಚಿದ ಮೇಲೆ ಹಳೇ ಬೆಲ್ಟನ್ನೇ ಮತ್ತೆ ಹಾಕುವುದು ತಪ್ಪು ಲೆಕ್ಕ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ನೀರಿನ ಪಂಪ್, ಆಯಿಲ್ ಸೀಲ್, ಗ್ಯಾಸ್ಕೆಟ್ ಸೆಟ್ ಎಲ್ಲವನ್ನೂ ಮೊದಲೇ ತಂದಿಟ್ಟುಕೊಂಡೆ.

ಬಿಚ್ಚುವ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಎಕ್ಸಾಸ್ಟ್ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಒಂದೂ ಮುರಿಯಲಿಲ್ಲ. ಪ್ರತಿ ವೈರಿಗೂ ಪೈಪಿಗೂ ಚೀಟಿ ಅಂಟಿಸಿ ಫೋಟೊ ತೆಗೆದೆ. ಹೆಡ್ ಬೋಲ್ಟ್‌ಗಳನ್ನು ಹೊರಗಿನಿಂದ ಒಳಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಬಾಗಬಹುದು. ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಮುಖಕ್ಕೆ ಒಂದು ಗೀರು ಬಿದ್ದರೂ ಅಲ್ಲೇ ಸೋರುತ್ತದೆ. ಕೈಯಲ್ಲಿ ಹಿಡಿದು ಅಲುಗಾಡಿಸಿದೆ, ಎದ್ದು ಬಂತು. ಹಳೇ ಗ್ಯಾಸ್ಕೆಟ್ ಮೇಲೆ ಮೂರನೇ ಸಿಲಿಂಡರ್‌ನಿಂದ ನೀರಿನ ತೂತಿನವರೆಗೆ ಕಪ್ಪು ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು.

ಹೆಡ್ ಎಷ್ಟು ಬಾಗಿದೆ ಎಂದು ನೋಡಲು ಅದರ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಪಟ್ಟಿಯಡಿ ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿದೆ. ಮಿತಿ 0.05 ಮಿ.ಮೀ. ನನ್ನದು ಕರ್ಣದ ದಿಕ್ಕಿನಲ್ಲಿ ಅದನ್ನು ಮೀರಿತ್ತು. ಇಲ್ಲೇ ಎಷ್ಟೋ ಜನ ಆತುರ ಮಾಡುತ್ತಾರೆ. ಸುಮ್ನೆ ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದರೆ ಅದೂ ಸುಡುತ್ತದೆ. ಗೋಕುಲ ರೋಡಿನ ಕಡೆಯ ಒಂದು ವರ್ಕ್‌ಶಾಪಿಗೆ ಕೊಟ್ಟು ಫೇಸಿಂಗ್, ಅಂದರೆ ಮುಖ ತೇಯ್ದು ಸಮ ಮಾಡಿಸಿದೆ. 'ಸಮ ಆಗುವಷ್ಟೇ ತೆಗೀರಿ, ಜಾಸ್ತಿ ಬೇಡ' ಎಂದು ಹೇಳಿದ್ದೆ. ಹೆಚ್ಚು ಕೊರೆದರೆ ಸಿಲಿಂಡರ್‌ನೊಳಗಿನ ಒತ್ತಡ (ಕಂಪ್ರೆಷನ್) ಏರುತ್ತದೆ.

ಹೆಡ್ ವಾಪಸ್ ಬರುವವರೆಗೆ ರೇಡಿಯೇಟರ್ ಬಿಚ್ಚಿ ನೋಡಿದೆ. ನಿಜವಾದ ರೋಗ ಸಿಕ್ಕಿದ್ದು ಅಲ್ಲಿ. ಕೊಳವೆಗಳ ಬಾಯಿಗೆ ಬಿಳಿ ಗಾರೆಯಂಥ ಪದರ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟಿಕೊಳ್ಳುತ್ತದಲ್ಲ, ಅದೇ. ನಮ್ಮ ಕಡೆಯ ಬೋರ್ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ಬಿಸಿಗೆ ಬೇರ್ಪಟ್ಟು ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಅದೇ ನೀರನ್ನು ನಾನೇ ಸುರಿದಿದ್ದೆ. ಪದರ ದಪ್ಪವಾದಷ್ಟೂ ಶಾಖ ಹೊರಗೆ ಹೋಗುವುದಿಲ್ಲ, ನೀರು ಕುದಿದು ಹೊರಗೆ ಚೆಲ್ಲುತ್ತದೆ, ಹೆಡ್ ಬಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಗ್ಯಾಸ್ಕೆಟ್ ಸುಟ್ಟಿದೆ. ಆ ರೇಡಿಯೇಟರ್ ಅನ್ನು ಮತ್ತೆ ಹಾಕಲು ಮನಸ್ಸಾಗಲಿಲ್ಲ, ಹೊಸದು ತಂದೆ.

ಮುಂದಿನ ಭಾನುವಾರ ಜೋಡಣೆ. ಬೋಲ್ಟ್ ತೂತುಗಳಲ್ಲಿ ನಿಂತ ನೀರು, ಎಣ್ಣೆಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಪೂರ್ತಿ ಒರೆಸಿದೆ. ಅದು ಒಳಗೇ ಉಳಿದರೆ ಬೋಲ್ಟ್ ಬಿಗಿದ ಹಾಗೆ ಕಾಣುತ್ತದೆ, ಆದರೆ ಹೆಡ್ ಮೇಲೆ ಒತ್ತಡ ಕೂರುವುದಿಲ್ಲ. ಬ್ಲಾಕ್ ಬಿರುಕು ಬಿಡುವ ಅಪಾಯವೂ ಇದೆ. ಗ್ಯಾಸ್ಕೆಟ್‌ನಲ್ಲಿ 'ಟಾಪ್' ಎಂದು ಬರೆದ ಮುಖ ಮೇಲಕ್ಕೆ. ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದ ಮೂರು ಸುತ್ತಿನಲ್ಲಿ, ಮ್ಯಾನುಯಲ್‌ನಲ್ಲಿ ಕೊಟ್ಟ ಅಳತೆಗೆ. ಕೈಯಂದಾಜು ಇಲ್ಲಿ ಬೇಡ.

ಬೆಲ್ಟ್ ಮಾತ್ರ ನನ್ನನ್ನು ಎರಡು ಗಂಟೆ ಹಿಡಿದು ಕೂರಿಸಿತು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಎರಡೂ ಪುಲ್ಲಿಗಳ ಗುರುತು ಒಟ್ಟಿಗೆ ಕೂರಬೇಕು. ಕೂಡಿಸಿ, ಟೆನ್ಷನರ್ ಬಿಟ್ಟು, ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದರೆ ಕ್ಯಾಮ್ ಒಂದು ಹಲ್ಲು ಹಿಂದಿತ್ತು. ಮತ್ತೆ ಮಾಡಿದೆ. ಮತ್ತೆ ಅದೇ. ಆಮೇಲೆ ಹೊಳೆಯಿತು. ಟೆನ್ಷನರ್ ಇಲ್ಲದ ಬದಿಯಲ್ಲಿ ನಾನು ಸಡಿಲ ಬಿಟ್ಟಿದ್ದೆ. ಆ ಬದಿಯನ್ನು ಮೊದಲು ಬಿಗಿಯಾಗಿ ಎಳೆದು ಕೂಡಿಸಿ, ಉಳಿದ ಸಡಿಲವನ್ನೆಲ್ಲ ಟೆನ್ಷನರ್ ಕಡೆಗೆ ತರಬೇಕು. ಮೂರನೇ ಸಲ ಗುರುತುಗಳು ನೇರ ಬಂದವು. ಆ ಎರಡು ಸುತ್ತು ತಿರುಗಿಸದೆ ಕವರ್ ಮುಚ್ಚಿದ್ದರೆ, ಸರಿಯಾಗಿ ಓಡದ ಗಾಡಿಗೆ ಕಾರ್ಬೊರೇಟರ್, ಪ್ಲಗ್ ಅಂತ ಹುಡುಕುತ್ತ ಕೂರಬೇಕಾಗುತ್ತಿತ್ತು.

ವಾಲ್ವ್‌ಗಳ ಸಂದು (ಟ್ಯಾಪೆಟ್) ಸೆಟ್ ಮಾಡಿ, ಪ್ಲಗ್ ವೈರುಗಳನ್ನು ಸಿಲಿಂಡರ್‌ಗಳು ಹೊಡೆಯುವ 1-3-2 ಕ್ರಮದಲ್ಲಿ ಕೂಡಿಸಿದೆ. ಹೊಸ ಆಯಿಲ್ ಹಾಕಿದೆ. ರೇಡಿಯೇಟರ್‌ಗೆ ಹಾಕುವ ಕೂಲಂಟ್ ದ್ರವವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ ತುಂಬಿದೆ. ಮುಚ್ಚಳ ತೆಗೆದಿಟ್ಟೇ ಎಂಜಿನ್ ಓಡಿಸಿದೆ, ಹೀಟರ್ ಪೂರ್ತಿ ತಿರುಗಿಸಿ, ಒಳಗಿನ ಗಾಳಿಯೆಲ್ಲ ಹೋಗಲಿ ಅಂತ. ಫ್ಯಾನ್ ತಾನಾಗಿಯೇ ತಿರುಗಿ, ತಾನಾಗಿಯೇ ನಿಂತಿತು. ಗುಳ್ಳೆ ಇಲ್ಲ. ಮೂರೂ ಸಿಲಿಂಡರ್ ಒಂದೇ ತಾಳಕ್ಕೆ ಹೊಡೆಯುತ್ತಿದ್ದವು. ಆ ಸದ್ದು ಕೇಳುತ್ತ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಮೊದಲ ವಾರ ದಿನಾ ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗ, ಮುಚ್ಚಳ ತೆಗೆದು ಮಟ್ಟ ನೋಡಿದೆ. ಎರಡನೇ ದಿನ ಒಂದು ಲೋಟದಷ್ಟು ಇಳಿದಿತ್ತು, ಒಳಗೆ ಉಳಿದ ಗಾಳಿ ಹೊರಗೆ ಬಂದಿದ್ದಕ್ಕೆ. ಆಮೇಲೆ ಇಳಿಯಲಿಲ್ಲ. ಎರಡನೇ ಭಾನುವಾರ ಅದೇ ಗದಗ ರೋಡಿನಲ್ಲಿ ಅಣ್ಣಿಗೇರಿವರೆಗೆ ಹೋಗಿ ಬಂದೆ. ಮುಳ್ಳು ಅರ್ಧ ದಾಟಲಿಲ್ಲ. ಡಿಕ್ಕಿಯಲ್ಲಿ ಈಗ ಬೆರೆಸಿಟ್ಟ ಕೂಲಂಟಿನ ಕ್ಯಾನ್ ಇರುತ್ತದೆ.