ಕ್ರಾಸ್‌ಫ್ಲೋ ಎಂಜಿನ್‌ಗೆ ಟೈಮಿಂಗ್ ಕೂರಿಸುವುದು: ಕಿಟ್ ಕಾರಿನಲ್ಲಿ ನಾನು ಅನುಸರಿಸುವ ಕ್ರಮ

ಟೈಮಿಂಗ್ ಎಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಪ್ಲಗ್‌ನ ಕಿಡಿ ಹಾರಬೇಕೆಂಬ ಹೊಂದಿಕೆ. ಲೋಟಸ್ ಸೆವೆನ್ ಮಾದರಿಯ ಹಗುರ ಕಿಟ್ ಕಾರಿನಲ್ಲಿ (ಬಿಡಿಭಾಗ ಜೋಡಿಸಿ ಕಟ್ಟುವ ಕಾರು) ಫೋರ್ಡ್ ಕೆಂಟ್ ಕ್ರಾಸ್‌ಫ್ಲೋ 1600 ಎಂಜಿನ್ ಇದ್ದರೆ, ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತನ್ನು ನಾನು ಪರೀಕ್ಷಿಸದೆ ನಂಬುವುದಿಲ್ಲ. ಇಂಥ ಎಂಜಿನ್‌ಗಳು ಹೆಚ್ಚಾಗಿ ಬೇರೆ ಬೇರೆ ಹಳೇ ಕಾರುಗಳ ಭಾಗ ಸೇರಿಸಿ ಕಟ್ಟಿದವು. ಪುಲ್ಲಿ ಒಂದರದ್ದು, ಟೈಮಿಂಗ್ ಕವರ್ ಇನ್ನೊಂದರದ್ದು ಆಗಿದ್ದರೆ ಸೊನ್ನೆ ಎಂದು ಕಾಣುವುದು ಸೊನ್ನೆಯಾಗಿರಬೇಕೆಂದಿಲ್ಲ.

ಹಾಗಾಗಿ ಮೊದಲ ಕೆಲಸ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಬಿಂದು, ಹುಡುಕುವುದು. ನಾಲ್ಕೂ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರ್‌ಗೆ ಹಳೇ ಪ್ಲಗ್‌ನ ಕವಚದಿಂದ ಮಾಡಿದ ಪಿಸ್ಟನ್ ಸ್ಟಾಪ್ ಹಾಕುತ್ತೇನೆ. ಸ್ಪ್ಯಾನರ್‌ನಿಂದ ನಿಧಾನಕ್ಕೆ ತಿರುಗಿಸಿ ಪಿಸ್ಟನ್ ತಾಗಿದಲ್ಲಿ ಪುಲ್ಲಿಗೆ ಒಂದು ಗೆರೆ, ಹಿಮ್ಮುಖವಾಗಿ ತಿರುಗಿಸಿ ತಾಗಿದಲ್ಲಿ ಇನ್ನೊಂದು. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಸ್ಟಾರ್ಟರ್ ಮುಟ್ಟಲೇಬಾರದು, ಪಿಸ್ಟನ್ ತೂತಾದೀತು.

ನಂತರ ಡಿಗ್ರಿ ಗುರುತು. ಪುಲ್ಲಿಯ ವ್ಯಾಸ 130 ಮಿ.ಮೀ. ಇದ್ದರೆ ಸುತ್ತಳತೆ ಸುಮಾರು 408 ಮಿ.ಮೀ., ಅಂದರೆ ಡಿಗ್ರಿಗೆ 1.13. ಅಂಚಿನುದ್ದಕ್ಕೂ ಕಾಗದದ ಪಟ್ಟಿಯಿಂದ ಅಳೆದು 11.3 ಮಿ.ಮೀ.ಗೆ 10 ಡಿಗ್ರಿ, 38.6ಕ್ಕೆ 34 ಡಿಗ್ರಿ ಎಂದು ಬಿಳಿ ಬಣ್ಣ ಹಚ್ಚುತ್ತೇನೆ. ಎಂಜಿನ್ ಮುಂದಿನಿಂದ ನೋಡಿದರೆ ಪ್ರದಕ್ಷಿಣವಾಗಿ ತಿರುಗುತ್ತದೆ. ಈ ಗುರುತುಗಳು ಟಿಡಿಸಿ ಗೆರೆಗಿಂತ ಆ ದಿಕ್ಕಿನಲ್ಲೇ ಮುಂದಿರಬೇಕು. ತಪ್ಪು ಬದಿಗೆ ಹಚ್ಚುವವರು ಕಡಿಮೆಯೇನಿಲ್ಲ.

ಟೈಮಿಂಗ್‌ಗೆ ಕೈಹಾಕುವ ಮೊದಲು ಪಾಯಿಂಟ್ ಗ್ಯಾಪ್. ಪಾಯಿಂಟ್ ಎಂದರೆ ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸ್ವಿಚ್; ಅದು ತೆರೆದಾಗ ಕಿಡಿ ಹಾರುತ್ತದೆ. ಮೋಟರ್‌ಕ್ರಾಫ್ಟ್ ಡಿಸ್ಟ್ರಿಬ್ಯೂಟರ್‌ಗೆ 0.64 ಮಿ.ಮೀ., ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 48ರಿಂದ 52 ಡಿಗ್ರಿ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ. ಡ್ವೆಲ್ ಒಂದು ಡಿಗ್ರಿ ಬದಲಾದರೆ ಕ್ರ್ಯಾಂಕ್‌ನಲ್ಲೂ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತದೆ. ಟೈಮಿಂಗ್ ಕೂರಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ. ಹೊಸ ಪಾಯಿಂಟ್‌ನ ಹಿಮ್ಮಡಿ (ಡಿಸ್ಟ್ರಿಬ್ಯೂಟರ್ ಕ್ಯಾಮ್‌ಗೆ ಉಜ್ಜುವ ತುಣುಕು) ಸವೆಯುತ್ತಾ ಗ್ಯಾಪ್ ಕಿರಿದಾಗಿ ಟೈಮಿಂಗ್ ತಾನೇ ಹಿಂದೆ ಬೀಳುತ್ತದೆ. ಆ ಕ್ಯಾಮ್‌ಗೆ ಚೂರು ಗ್ರೀಸ್ ಸವರಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅಳೆಯಬೇಕು.

ಸ್ಟಾರ್ಟ್ ಆಗುವಷ್ಟಕ್ಕೆ ಬಲ್ಬ್ ಸಾಕು. ನಾಲ್ಕನೇ ಸಿಲಿಂಡರ್‌ನ ಎರಡೂ ವಾಲ್ವ್ ತೂಗಾಡುತ್ತಿದ್ದರೆ (ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇದ್ದರೆ) ಒಂದನೆಯದು ಕಂಪ್ರೆಷನ್‌ನಲ್ಲಿದೆ ಎಂದರ್ಥ. ಕ್ರ್ಯಾಂಕನ್ನು ಓಡುವ ದಿಕ್ಕಿನಲ್ಲೇ ತಿರುಗಿಸಿ 10 ಡಿಗ್ರಿಗೆ ತಂದು, ಕಾಯಿಲ್‌ನ ಋಣ ತುದಿಗೂ ಅರ್ಥ್‌ಗೂ ನಡುವೆ 12 ವೋಲ್ಟ್ ಬಲ್ಬ್ ಕಟ್ಟಿ, ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹೊತ್ತಿಕೊಳ್ಳುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ತಿರುಗುವುದು ಅಪ್ರದಕ್ಷಿಣ, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ) 1-2-4-3. ಟೈಮಿಂಗ್ ಮುಂಗಡ ಹೆಚ್ಚಿಸಲು, ಅಂದರೆ ಕಿಡಿ ಇನ್ನೂ ಬೇಗ ಹಾರಲು, ಡಿಸ್ಟ್ರಿಬ್ಯೂಟರ್ ಪ್ರದಕ್ಷಿಣ ತಿರುಗಬೇಕು. ಅದರ ಅಂಚಿನಲ್ಲಿ ಅರ್ಧ ಮಿ.ಮೀ. ಸರಿದರೂ ಕ್ರ್ಯಾಂಕ್‌ನಲ್ಲಿ ಸುಮಾರು 2 ಡಿಗ್ರಿ. ಕ್ಲ್ಯಾಂಪ್ ಬಿಗಿಯುವಾಗಲೇ ಅಷ್ಟು ಸರಿದುಬಿಡುತ್ತದೆ, ಬಿಗಿದ ಮೇಲೆ ಮತ್ತೆ ನೋಡಲೇಬೇಕು.

ಇನ್ನು ಸ್ಟ್ರೋಬ್, ಅಂದರೆ ಕಿಡಿ ಹಾರಿದಾಗಲೆಲ್ಲ ಮಿಂಚಿ ಪುಲ್ಲಿಯ ಗುರುತು ತೋರಿಸುವ ದೀಪ. ಐಡಲ್‌ನಲ್ಲಿ ಕಂಡ ಅಂಕಿಗೆ ಮರುಳಾಗಬೇಡಿ. ಹಾಟ್ ಕ್ಯಾಮ್ (ಹೆಚ್ಚು ಶಕ್ತಿಗಾಗಿ ಹಾಕುವ ಕ್ಯಾಮ್‌ಶಾಫ್ಟ್) ಇದ್ದರೆ ಐಡಲ್ 1100 ಆರ್‌ಪಿಎಂ ಸುಮಾರಿಗೆ ಇರುತ್ತದೆ, ಅಷ್ಟರಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ವೇಗ ಏರಿದಂತೆ ಮುಂಗಡ ಹೆಚ್ಚಿಸುವ ತೂಕಗಳು ಬಿಚ್ಚಿಕೊಳ್ಳಲು ಶುರುವಾಗಿರಬಹುದು. ಅಲ್ಲಿ 10 ಕಂಡರೆ ನಿಜವಾದ ಮೂಲ ಮುಂಗಡ (ತೂಕಗಳು ಸೇರಿಸುವ ಮೊದಲಿನದು) 6 ಇದ್ದೀತು. ಎಂಜಿನ್‌ಗೆ ಹಾನಿ ಮಾಡುವುದು ಹೆಚ್ಚಿನ ವೇಗದಲ್ಲಿ ಬರುವ ಗರಿಷ್ಠ ಮುಂಗಡದ ಅಂಕಿ. ಆದ್ದರಿಂದ ಆರ್‌ಪಿಎಂ ನಿಧಾನ ಏರಿಸಿ, ಗುರುತು ಚಲಿಸುವುದು ನಿಲ್ಲುವಲ್ಲಿ, ಸಾಮಾನ್ಯವಾಗಿ 3500 ದಾಟಿ, 34 ಡಿಗ್ರಿಗೆ ಕೂರಿಸುತ್ತೇನೆ. ಐಡಲ್‌ನಲ್ಲಿ ಎಷ್ಟು ಬರುತ್ತದೋ ಬರಲಿ. ಅವಳಿ ವೆಬರ್ ಡಿಸಿಒಇ ಕಾರ್ಬ್ಯುರೇಟರ್ ಇದ್ದರೆ ಸ್ಥಿರವಾದ ವ್ಯಾಕ್ಯೂಮ್ ಸಿಗುವುದಿಲ್ಲ. ಆ ನಿರ್ವಾತದ ಎಳೆತದಿಂದ ಮುಂಗಡ ಹೆಚ್ಚಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಅಲ್ಲಿ ಲೆಕ್ಕಕ್ಕಿಲ್ಲ. ಆ ಕಾರ್ಬ್ಯುರೇಟರ್‌ಗಳ ಕೆಳಗೇ ಡಿಸ್ಟ್ರಿಬ್ಯೂಟರ್ ಕೂತಿರುವುದರಿಂದ ಪೆಟ್ರೋಲ್ ಜಿನುಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಆರ್‌ಪಿಎಂ ಇಳಿದಾಗ ಗೆರೆ ಹಿಂದಿನ ಜಾಗಕ್ಕೆ ಮರಳದಿದ್ದರೆ ತೂಕಗಳು ಅಂಟಿಕೊಂಡಿವೆ. ಸ್ಥಿರ ವೇಗದಲ್ಲೇ ಗೆರೆ 3–4 ಡಿಗ್ರಿ ಕುಣಿದರೆ ಸವೆದ ಡಿಸ್ಟ್ರಿಬ್ಯೂಟರ್ ಬುಷ್ ಅಥವಾ ಜೋಲು ಬಿದ್ದ ಟೈಮಿಂಗ್ ಚೈನ್. ಯಾವ ಹೊಂದಿಕೆಯೂ ಅಲ್ಲಿ ನಿಲ್ಲದು.

ತೆರೆದ ಕಾರು, ಪಕ್ಕದಲ್ಲೇ ಎಕ್ಸಾಸ್ಟ್: ಪಿಂಕಿಂಗ್ (ಸಿಲಿಂಡರ್‌ನಲ್ಲಿ ಇಂಧನ ಅಸಹಜವಾಗಿ ಸಿಡಿಯುವ ಟಣಟಣ ಸದ್ದು) ಕಿವಿಗೆ ಬೀಳುವುದು ಅಪರೂಪ. ಪೂರ್ಣ ಥ್ರಾಟಲ್‌ನಲ್ಲಿ ಓಡಿಸಿ ತಕ್ಷಣ ಎಂಜಿನ್ ಆರಿಸಿ ಪ್ಲಗ್ ಬಿಚ್ಚಿ ನೋಡುತ್ತೇನೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕರಿ ಚುಕ್ಕೆ ಅಥವಾ ಅಲ್ಯೂಮಿನಿಯಂ ಮಿಣುಕು ಕಂಡರೆ ಟೈಮಿಂಗ್ 2 ಡಿಗ್ರಿ ಹಿಂದಕ್ಕೆ.